ಎರಡು ಲೈಬ್ರರಿ, ಒಬ್ಬಳೇ ಓಬಮ್ಮ

ಚನ್ನಗಿರಿಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮದು ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಸಣ್ಣ ಸಂಸ್ಥೆ. ಏಳನೇ ತರಗತಿ ಮುಗಿಸಿದ, ತಮ್ಮೂರಲ್ಲಿ ಹೈಸ್ಕೂಲಿಲ್ಲದ ಹುಡುಗಿಯರಿಗೆ ಇಲ್ಲಿ ಜಾಗ, ಊಟ ಕೊಟ್ಟು ಓದಿಸುತ್ತಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆಯ ಶಾಲೆಗಳಿಂದ ಅರ್ಜಿ ಬರುತ್ತಿದ್ದವು. ಅವನ್ನು ಕಂಪ್ಯೂಟರಿಗೆ ಹಾಕಿ, ಆಯ್ಕೆಪಟ್ಟಿ ತೆಗೆದು, ಕನ್ನಡದಲ್ಲಿ ಅಚ್ಚು ಮಾಡಿ ಕೊಡುವ ಕೆಲಸ ನನ್ನದು.

ಯಂತ್ರಕ್ಕೆ ಎರಡು ಫ್ಲಾಪಿ ಬಾಯಿ, ಹಾರ್ಡ್ ಡಿಸ್ಕ್ ಇಲ್ಲ. ಹಗಲು ಕರೆಂಟು ಇದ್ದಾಗ ಕೆಲಸ, ಹೋದಾಗ ಬೀಸಣಿಗೆ. ಪ್ರೋಗ್ರಾಂ ಬರೆದವಳು ನಾನೇ ಆದರೂ ಅದರಲ್ಲಿದ್ದುದೆಲ್ಲ ನನ್ನದಾಗಿರಲಿಲ್ಲ. ಎರಡು ಕೆಲಸಗಳಿಗೆ ಹೊರಗಿನವರ ಲೈಬ್ರರಿ ತರಿಸಿದ್ದೆವು. ಲೈಬ್ರರಿ ಎಂದರೆ ಯಾರೋ ಬರೆದು, ಬಾಯಿ ಹೊಲಿದು ಕೊಟ್ಟ ಗಂಟು. ಬಿಚ್ಚಿ ನೋಡುವಂತಿಲ್ಲ. ಹೆಸರು ಹಿಡಿದು ಕರೆದರೆ ಒಳಗಿನ ಕೆಲಸ ಎದ್ದು ಬರುತ್ತದೆ. ನಮ್ಮಲ್ಲಿ ಒಂದು ಗಂಟು ಹೆಸರುಗಳನ್ನು ಜೋಡಿಸಿ ಹುಡುಕಿಕೊಡುತ್ತಿತ್ತು. ಅದನ್ನು ಪಟ್ಟಿ ಲೈಬ್ರರಿ ಅನ್ನೋಣ. ಇನ್ನೊಂದು, ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ್ದನ್ನು ಪ್ರಿಂಟರಿನಲ್ಲಿ ಕನ್ನಡವಾಗಿ ಮೂಡಿಸುತ್ತಿತ್ತು. ಅದು ಅಚ್ಚಿನ ಲೈಬ್ರರಿ. ನನ್ನ ಪ್ರೋಗ್ರಾಮನ್ನೂ ಈ ಎರಡನ್ನೂ ಸೇರಿಸಿ ಒಂದೇ ಬಟ್ಟೆಯಾಗಿ ಹೊಲಿಯುವುದು ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಂ. ಯಾವ ಯಾವುದನ್ನು ಹೊಲಿಯಬೇಕು ಎಂದು ಒಂದು ಸಾಲಿನಲ್ಲಿ ಅದಕ್ಕೆ ಬರೆದು ಕೊಡಬೇಕು. ನಾನು ಮೊದಲು ನನ್ನ ಪ್ರೋಗ್ರಾಂ, ಆಮೇಲೆ ಅಚ್ಚಿನ ಲೈಬ್ರರಿ, ಕೊನೆಗೆ ಪಟ್ಟಿ ಲೈಬ್ರರಿ ಎಂದು ಬರೆದಿದ್ದೆ. ಆ ಕ್ರಮವೇ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕೈಗೆ ಬಂದ ಹಾಗೆ ಬರೆದಿದ್ದೆ, ಅಷ್ಟೆ.

ಅರ್ಜಿಗಳು ಬರಲು ಶುರುವಾದ ಮೊದಲ ವಾರವೇ ನನಗೂ ಟೈಪಿಸ್ಟರಿಗೂ ಒಂದು ಜಟಾಪಟಿ ಆಯಿತು. ಟೈಪಿಸ್ಟರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಜಗಳೂರು ಕಡೆಯವರು. ಅರ್ಜಿಗಳಲ್ಲಿ ಮೇಷ್ಟ್ರುಗಳು ಹುಡುಗಿಯ ಅಪ್ಪನ ಹೆಸರಿನ ಪಕ್ಕ ಮನೆಗುರುತನ್ನೂ ಬರೆದು ಕಳಿಸುತ್ತಿದ್ದರು. ಇಂಥವರು ಗುಡಿ ಹಿಂದಿನವರು, ಇಂಥವರು ಗಾಣದವರು, ಇಂಥವರು ಇಂಥ ಕೇರಿಯವರು. ನೋಡಿದ ಕೂಡಲೇ ನನಗೆ ಮೈ ಉರಿಯಿತು. ಕತ್ತಲಗೆರೆಯಲ್ಲಿ ನಾನು ಓದುವಾಗ ಹಾಜರಿ ಪುಸ್ತಕದಲ್ಲಿ ನಮ್ಮಪ್ಪನ ಹೆಸರಿನ ಪಕ್ಕ ನಮ್ಮ ಕೇರಿಯ ಹೆಸರನ್ನು ಅಂಟಿಸಿದ್ದರು. ಮೇಷ್ಟ್ರು ದಿನಾ ಅದನ್ನೂ ಸೇರಿಸಿಯೇ ಕೂಗುತ್ತಿದ್ದರು. ನಾನು ಎದ್ದು 'ಹಾಜರ್' ಅನ್ನುವುದರೊಳಗೆ ಹಿಂದಿನ ಸಾಲಿನವರು ನಕ್ಕು ಮುಗಿಸಿರುತ್ತಿದ್ದರು. ಅಪ್ಪ ಬುದ್ಧನ ಪಟ ತಂದು ಗೋಡೆಗೆ ತೂಗುಹಾಕಿದ ದಿನ, "ಇನ್ಮ್ಯಾಲೆ ನಮಗೆ ಹೆಸರೈತೆ, ಬಾಲ ಇಲ್ಲ" ಅಂದಿದ್ದರು.

"ಈ ಬಾಲಗಳನ್ನೆಲ್ಲ ಟೈಪು ಮಾಡ್ಬೇಡಿ" ಎಂದು ಟೈಪಿಸ್ಟರಿಗೆ ಹೇಳಿದೆ. "ಹುಡುಗಿ ಹೆಸರು, ಅಪ್ಪನ ಹೆಸರು, ಊರು. ಅಷ್ಟು ಸಾಕು."

"ಮೇಡಂ, ನಮ್ ಕಡೆ ಇದು ಬೈಗುಳ ಅಲ್ರೀ, ಗುರುತು" ಅಂದರು ಅವರು. "ಮನೆದೇವ್ರ ಹೆಸ್ರು ಇಟ್ಟೂ ಇಟ್ಟೂ ಒಂದೊಂದು ಓಣಿಗೆ ನಾಕ್ನಾಕು ಜನ ಪಾಲಯ್ಯ ಇರ್ತಾರೆ. ಗುರುತಿಲ್ದೆ ಹೆಂಗೆ ಹೇಳಾಕಾಗ್ತತೆ?"

"ಒಂದೇ ಥರದ ಹೆಸರು ಬಂದ್ರೆ ಪ್ರೋಗ್ರಾಮೇ ನಿಮ್ಮನ್ನ ಕೇಳ್ತದೆ. ಬರೆದಿರೋಳು ನಾನು."

ಇದು ಬರೀ ಜಂಬವಲ್ಲ, ನಿಜವೂ ಆಗಿತ್ತು. ಒಳಗಿರುವ ಹೆಸರೇ ಮತ್ತೆ ಬಂದರೆ ಪಟ್ಟಿ ಲೈಬ್ರರಿ ಒಂದು ಸಂಜ್ಞೆ ಕೊಡುತ್ತಿತ್ತು. ಅದನ್ನು ಹಿಡಿದು ನನ್ನ ಪ್ರೋಗ್ರಾಂ ಪೀ ಎಂದು ಕೂಗಿ, ಇದು ಬೇರೆ ಹುಡುಗಿಯೇ ಎಂದು ಪರದೆಯ ಮೇಲೆ ಕೇಳುತ್ತಿತ್ತು. ಹೌದು ಎಂದರೆ ಹೆಸರಿನ ಮುಂದೆ ಒಂದು ಅಂಕಿ ಸೇರಿಸಿ ಬೇರೆಯಾಗಿ ಇಡುತ್ತಿತ್ತು. ಹೊನ್ನಾಳಿಯ ಕಟ್ಟು ಟೈಪು ಮಾಡುವಾಗ ಮೂರು ಸಲ ಕೂಗಿತು. "ಹುಷಾರೈತೆ ರೀ ನಿಮ್ ಮಿಷನ್ನು, ನಮ್ ಶಾನುಭೋಗರಿದ್ದಂಗೆ" ಎಂದು ಟೈಪಿಸ್ಟರು ತಮಾಷೆ ಮಾಡಿದರು. ನನಗೆ ಗೆದ್ದ ಖುಷಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮುಗಿದವು. ಜಗಳೂರಿನ ಕಟ್ಟು ಬಂದಿರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಬರಬೇಕಾದ ಕಾಗದ ಯಾವಾಗಲೂ ಹಾಗೆಯೇ. ಕಾಯುವ ಹೊತ್ತಿಗೆ ಅಷ್ಟನ್ನು ಅಚ್ಚು ಹಾಕಿ ಕಾರ್ಯದರ್ಶಿಯವರಿಗೆ ತೋರಿಸಿದೆ. ಅಡಿಕೆ ವ್ಯಾಪಾರದ ಮನೆತನದವರು, ಹಣೆಯ ಮೇಲೆ ವಿಭೂತಿ, ಕಣ್ಣು ಬಲು ಚುರುಕು. ಕನ್ನಡಕ ಏರಿಸಿ ನೋಡಿ, "ಏನಮ್ಮ ಇದು, ಒತ್ತಕ್ಷರ ಎಲ್ಲಾ ಕಳಚಿ ಕೆಳಗೆ ಬಿದ್ದಾವೆ" ಅಂದರು. ನಿಜ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರರ ಒತ್ತುಗಳೂ ಕೆಳಗಿನ ಸಾಲಿಗೆ ಇಳಿದು ಕೂತಿದ್ದವು. "ಊರಿನ ಹೆಸರೇ ಹಿಂಗಾದ್ರೆ ಜನ ಏನಂತಾರೆ? ಸರಿ ಮಾಡಿಸು."

ಅಚ್ಚಿನ ಲೈಬ್ರರಿ ಬರೆದವರು ಬೆಂಗಳೂರಿನಲ್ಲಿ ಒಂದು ಮಹಡಿ ಕೋಣೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡುತ್ತಿದ್ದವರು. ಬಸ್ಸು ಹತ್ತಿ ಹೋದೆ. ಅವರು ಆಗಲೇ ಅದನ್ನು ತಿದ್ದಿಟ್ಟಿದ್ದರು. ಹೊಸ ಲೈಬ್ರರಿಯನ್ನು ಫ್ಲಾಪಿಗೆ ತುಂಬಿಕೊಟ್ಟು, "ಅಕ್ಷರ ಮಾತ್ರ ಸರಿ ಮಾಡಿದೀನಿ, ಬೇರೆ ಏನೂ ಬದಲಾಗಿಲ್ಲ" ಅಂದರು. ನಾನು ನಂಬಿದೆ. ಚನ್ನಗಿರಿಗೆ ಬಂದು, ಹಳೆಯದರ ಮೇಲೆಯೇ ಹೊಸದನ್ನು ಬರೆದುಬಿಟ್ಟೆ. ಫ್ಲಾಪಿ ಉಳಿಸುವ ಜಿಪುಣತನ. ಹಳೆಯದು ಇನ್ನು ಯಾಕೆ ಬೇಕು ಎಂಬ ಧೈರ್ಯ ಬೇರೆ. ಪ್ರೋಗ್ರಾಮನ್ನು ಮತ್ತೆ ಹೊಲಿದು ಇಪ್ಪತ್ತು ಹೆಸರು ಅಚ್ಚು ಹಾಕಿ ನೋಡಿದೆ. ಒತ್ತುಗಳು ಅಚ್ಚುಕಟ್ಟಾಗಿ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಜಗಳೂರಿನ ಕಟ್ಟು ಬಂತು. ಟೈಪಿಸ್ಟರು ಒಂದೇ ದಿನದಲ್ಲಿ ಮುಗಿಸಿದರು. ಏಳುವಾಗ, "ನಮ್ಮೂರ ಕಡೇದು, ಒಂದ್ಸಲನೂ ಕೂಗಲಿಲ್ಲಲ್ರೀ" ಅಂದರು. "ಒಳ್ಳೇದೇ ಆಯ್ತಲ್ಲ" ಅಂದೆ. ಆ ಮಾತನ್ನು ಎಷ್ಟು ಸಲ ನೆನೆದು ತಲೆ ಚಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಜೂನ್‌ನಲ್ಲಿ ಹಾಸ್ಟೆಲ್ ಬಾಗಿಲು ತೆರೆಯಿತು. ಎರಡನೆಯ ದಿನ ಮಧ್ಯಾಹ್ನ ವಾರ್ಡನ್ ಒಬ್ಬ ಅಪ್ಪನನ್ನೂ ಮಗಳನ್ನೂ ನನ್ನ ಮೇಜಿನ ಹತ್ತಿರ ಕಳಿಸಿದರು. ಅಪ್ಪನ ಹೆಗಲ ಮೇಲೆ ಕಂಬಳಿ. ಹುಡುಗಿ ತಗಡಿನ ಪೆಟ್ಟಿಗೆಯನ್ನು ಕೆಳಗಿಡದೆ ಎದೆಗೆ ಅವುಚಿಕೊಂಡು ನಿಂತಿದ್ದಳು. ಹೆಸರು ಓಬಮ್ಮ. ಅಪ್ಪ ಪಾಲಯ್ಯ. ಊರು ಜಗಳೂರಿನ ಆಚೆಗಿನ ಒಂದು ಹಳ್ಳಿ. ಪಟ್ಟಿ ತೆಗೆದು ನೋಡಿದೆ. ಆ ಊರಿನ ಪಾಲಯ್ಯನ ಮಗಳು ಓಬಮ್ಮ ಹಿಂದಿನ ದಿನವೇ ಸೇರಿ, ಮಂಚ ಹಿಡಿದಾಗಿತ್ತು.

"ಅದು ಗುಡಿ ಪಾಲಯ್ಯನ ಮಗಳು, ತಾಯಿ. ನಾನು ಕುರಿ ಪಾಲಯ್ಯ" ಅಂದ ಅಪ್ಪ. "ಹೆಡ್ಮೇಷ್ಟ್ರು ಇಬ್ರುದೂ ಅರ್ಜಿ ಒಟ್ಟಿಗೇ ಕಳಿಸ್ಯಾರೆ."

"ನಿಮ್ಮದು ಬಂದಿಲ್ಲ. ಬಂದಿದ್ರೆ ಇದರಲ್ಲಿ ಇರ್ತಿತ್ತು."

"ಮಾರ್ಕ್ಸು ಚಲೋ ಬಂದಾವೆ ತಾಯಿ. ಇನ್ನೊಂದ್ಸಲ ನೋಡ್ರಿ."

"ಕಂಪ್ಯೂಟರ್ ತಪ್ಪು ಮಾಡಲ್ಲ ಇವ್ರೇ."

ಹುಡುಗಿ ಬಗ್ಗಿ, ತಲೆಕೆಳಗಾಗಿ ಕಾಣುತ್ತಿದ್ದ ಪಟ್ಟಿಯನ್ನೇ ಓದಿ, ಬೆರಳಿಟ್ಟು ತೋರಿಸಿದಳು. "ಇಲ್ಲೇ ಐತಲ್ಲಪ್ಪ ನನ್ ಹೆಸ್ರು."

"ಅದು ನೀನಲ್ಲ, ಬಿಡವ್ವ" ಅಂದ ಅಪ್ಪ.

ಜಗಳೂರಿನ ಅರ್ಜಿಗಳ ಕಟ್ಟು ನನ್ನ ಬೆನ್ನ ಹಿಂದಿನ ಅಲಮಾರಿಯಲ್ಲಿತ್ತು. ಎರಡು ಹೆಜ್ಜೆ. ಎದ್ದು ಹೋಗಿ ಬಿಚ್ಚಿ ನೋಡಬಹುದಿತ್ತು. ನೋಡಿದರೆ ನನ್ನ ಪ್ರೋಗ್ರಾಮಿಗೆ ಅವಮಾನ ಅನ್ನಿಸಿತು. ಹಾಗಾಗಿ ಏಳಲಿಲ್ಲ. ಅವರು ಹೊರಟುಹೋದರು.

ಮೂರು ವಾರ ಕಳೆದ ಮೇಲೆ ಟೈಪಿಸ್ಟರು ಅರ್ಜಿಗಳನ್ನು ಎಣಿಸಿ ಕಟ್ಟಿಡುತ್ತಿದ್ದವರು, ಜಗಳೂರಿನ ಕಟ್ಟಿನಲ್ಲಿ ಕಂಪ್ಯೂಟರ್ ತೋರಿಸುವುದಕ್ಕಿಂತ ಒಂದು ಅರ್ಜಿ ಜಾಸ್ತಿ ಐತೆ ಅಂದರು. ಸರಿಯಾಗಿ ಎಣಿಸಿ ಎಂದು ಗದರಿದೆ. ಎರಡನೇ ಸಲ ಎಣಿಸಿದರು. ಮೂರನೇ ಸಲ ನನ್ನ ಮುಂದೆಯೇ ಒಂದೊಂದಾಗಿ ಎತ್ತಿ ಹಾಕಿದರು. ಒಂದು ಜಾಸ್ತಿಯೇ. ಹುಡುಕುತ್ತಾ ಹೋದಂತೆ ಒಂದರ ಹಿಂದೆ ಒಂದು ಓಬಮ್ಮನ ಹೆಸರಿನ ಎರಡು ಅರ್ಜಿ ಸಿಕ್ಕವು. ಒಂದರಲ್ಲಿ ಕುರಿ ಪಾಲಯ್ಯ, ಇನ್ನೊಂದರಲ್ಲಿ ಗುಡಿ ಪಾಲಯ್ಯ. ನನ್ನ ಅಪ್ಪಣೆಯಂತೆ ಎರಡರಲ್ಲೂ ಮನೆಗುರುತಿನ ಮೇಲೆ ಕೆಂಪು ಗೀಟು ಎಳೆದಿತ್ತು. ಕುರಿ ಪಾಲಯ್ಯನ ಮಗಳ ಅಂಕಗಳು ಆ ಕಟ್ಟಿನಲ್ಲೆಲ್ಲ ಹೆಚ್ಚಿನವು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಟೈಪಿಸ್ಟರ ಮೇಲೆಯೇ ಹಾರಿದೆ, ನೀವು ಒಂದನ್ನು ಬಿಟ್ಟಿರಬೇಕು ಎಂದು. ಅವರು ಸಿಟ್ಟಾಗದೆ ಕೂತು ಎರಡನ್ನೂ ಮತ್ತೆ ಟೈಪು ಮಾಡಿ ತೋರಿಸಿದರು. ಯಂತ್ರ ಕೂಗಲಿಲ್ಲ. ಎರಡನೆಯ ಓಬಮ್ಮನನ್ನು ಬರೆದ ಕೂಡಲೇ ಮೊದಲನೆಯವಳು ಸದ್ದಿಲ್ಲದೆ ಅಳಿಸಿಹೋಗಿ, ಆ ಜಾಗದಲ್ಲಿ ಇವಳು ಕೂತಳು. ಫ್ಲಾಪಿ ಕೆಟ್ಟಿದೆಯೇನೋ ಎಂದು ಬೇರೆ ಫ್ಲಾಪಿ ಹಾಕಿದೆ. ಅಲ್ಲೂ ಅಷ್ಟೇ. ನಾನು ಬರೆದ ಸಾಲುಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿ ಬೆರಳಿಟ್ಟು ಓದಿದೆ. ಸಂಜ್ಞೆ ಬಂದರೆ ಕೂಗು ಎಂದು ಬರೆದದ್ದು ಹಾಗೇ ಇತ್ತು. ಸಂಜ್ಞೆಯೇ ಬರುತ್ತಿರಲಿಲ್ಲ. ಹಳೆಯ ಲೈಬ್ರರಿಯ ಜೊತೆ ಹೊಲಿದು ಹೋಲಿಸೋಣವೆಂದರೆ ಹಳೆಯದನ್ನು ನಾನೇ ಅಳಿಸಿದ್ದೆ. ಟ್ರಂಕ್ ಕಾಲ್ ಮಾಡಿದರೆ ಬೆಂಗಳೂರಿನವರು, "ಪಟ್ಟಿ ವಿಷಯ ನನ್ನದಲ್ವಲ್ಲಮ್ಮ, ನಂದು ಬರೀ ಅಚ್ಚು" ಅಂದರು.

ಮೂರನೆಯ ದಿನ ಲಿಂಕರ್‌ನಿಂದ ಮ್ಯಾಪ್ ಫೈಲ್ ತೆಗೆದೆ. ಯಾವ ತುಂಡನ್ನು ಎಲ್ಲಿಂದ ತಂದು ಹೊಲಿದೆ ಎಂಬುದರ ಉದ್ದನೆಯ ವಿವರ ಅದು. ಎರಡು ಸಲ ಕರೆಂಟು ಹೋಗಿ ಮೂರನೇ ಸಲಕ್ಕೆ ಪೂರ್ತಿ ಬಂತು. ಹೆಸರು ಸೇರಿಸುವ ಕೆಲಸ ಪಟ್ಟಿ ಲೈಬ್ರರಿಯಿಂದ ಬಂದಿರಲಿಲ್ಲ. ಅಚ್ಚಿನ ಲೈಬ್ರರಿಯಿಂದ ಬಂದಿತ್ತು. ಅದರ ಕರ್ತೃ ಈ ಸಲ ತಮ್ಮ ಅಕ್ಷರಗಳನ್ನು ಜೋಡಿಸಿಕೊಳ್ಳಲು ಅದೇ ಪಟ್ಟಿ ಲೈಬ್ರರಿಯ ಬಹಳ ಹಳೆಯ ಪ್ರತಿಯೊಂದನ್ನು ತಮ್ಮ ಗಂಟಿನೊಳಗೇ ಸೇರಿಸಿಕೊಂಡಿದ್ದರು. ಆ ಹಳೆಯ ಪ್ರತಿಯ ಸ್ವಭಾವ ಬೇರೆ. ಒಂದೇ ಹೆಸರು ಎರಡು ಸಲ ಬಂದರೆ ಅದು ಕೇಳುತ್ತಿರಲಿಲ್ಲ, ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿತ್ತು. ಲಿಂಕರ್ ಪಾಪ, ನಾನು ಬರೆದ ಕ್ರಮದಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನು ತಂದು ಹೊಲಿದಿತ್ತು. ಸಾಲಿನ ಕೊನೆಯಲ್ಲಿದ್ದ ಸರಿಯಾದ ಪಟ್ಟಿ ಲೈಬ್ರರಿಯ ಬಾಗಿಲನ್ನು ಅದು ತಟ್ಟಲೇ ಇಲ್ಲ.

ಲಿಂಕರಿಗೆ ಬರೆದ ಸಾಲಿನಲ್ಲಿ ಎರಡು ಪದಗಳನ್ನು ಅದಲುಬದಲು ಮಾಡಿ, ಮತ್ತೆ ಹೊಲಿದು, ಎರಡು ಅರ್ಜಿಗಳನ್ನೂ ಟೈಪು ಮಾಡಿದೆ. ಯಂತ್ರ ಪೀ ಎಂದು ಕೂಗಿತು. ಎರಡು ಪದ! ಒಬ್ಬ ಹುಡುಗಿಯ ಹೈಸ್ಕೂಲು ಅಷ್ಟರ ಮೇಲೆ ನಿಂತಿತ್ತು. ಅತ್ತುಬಿಟ್ಟೆ. ಟೈಪಿಸ್ಟರು ಎದ್ದು ಹೋಗಿ ಚಹಾ ತಂದಿಟ್ಟರು.

ಅಷ್ಟಕ್ಕೇ ಮುಗಿಯಲೂ ಇಲ್ಲ. ಪದ ಬದಲಿಸಿದ ಮೇಲೆ ಅಚ್ಚು ಕೆಟ್ಟಿತು. ಅಚ್ಚಿನ ಲೈಬ್ರರಿಗೆ ತನ್ನೊಳಗಿನ ಪಟ್ಟಿ ಲೈಬ್ರರಿಯ ಹಳೆಯ ಪ್ರತಿಯೇ ಬೇಕು, ಹೊಸದು ಸಿಕ್ಕರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಒಂದು ಸರಿ ಮಾಡಿದರೆ ಇನ್ನೊಂದು ಮುರಿಯುತ್ತಿತ್ತು. ಎರಡು ದಿನ ಒದ್ದಾಡಿ ಕಡೆಗೆ ಒಂದು ತೀರ್ಮಾನಕ್ಕೆ ಬಂದೆ. ಒಂದೇ ಒಲೆಯ ಮೇಲೆ ಹೊಂದದ ಇಬ್ಬರು ವಾರಗಿತ್ತಿಯರಿಗೆ ಹಿರಿಯರು ಮಾಡುವಂತೆ ಅಡುಗೆಮನೆ ಬೇರೆ ಮಾಡುವುದು. ಹೆಸರು ಸೇರಿಸಲು ಒಂದು ಪ್ರೋಗ್ರಾಂ, ಅಚ್ಚು ಹಾಕಲು ಇನ್ನೊಂದು. ಒಂದಕ್ಕೊಂದು ಮುಖ ನೋಡುವಂತಿಲ್ಲ. ಹೊರಗಿಂದ ಬಂದ ಪ್ರತಿ ಲೈಬ್ರರಿಗೂ ಅದರದೇ ಫ್ಲಾಪಿ. ಹೊಸದು ಬಂದರೆ ಹಳೆಯದರ ಮೇಲೆ ಬರೆಯಕೂಡದು, ಎರಡೂ ಇರಬೇಕು. ಯಾವುದರೊಳಗೆ ಯಾವುದಿದೆ ಎಂದು ಮ್ಯಾಪ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅರ್ಜಿಯಲ್ಲಿ ಮನೆಗುರುತಿಗೆ ಒಂದು ಕಲಂ ಮತ್ತೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಅದೇ ಪೈಕಿ.

ಕಾರ್ಯದರ್ಶಿಯವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಟ್ಟಿ ತಪ್ಪು ಅಂತ ಹೊರಗೆ ಗೊತ್ತಾದ್ರೆ ನಾಲ್ಕೂ ಕಡೆಯೋರು ಬಂದು ಬಾಗಿಲಲ್ಲಿ ಕೂರ್ತಾರೆ ಕಣಮ್ಮ" ಅಂದರು.

"ಕೂರಲಿ ಸರ್. ಆ ಹುಡುಗಿಗೆ ಒಂದು ಮಂಚ ಕೊಡಿ."

ಕೊನೆಗೆ ವರಾಂಡದಲ್ಲಿ ಒಂದು ಮಂಚ ಹೆಚ್ಚಿಗೆ ಹಾಕಿಸುತ್ತೇವೆಂದು ಕಾಗದಕ್ಕೆ ಸಹಿ ಮಾಡಿಕೊಟ್ಟರು. ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ನಾನೇ ತೆಗೆದುಕೊಂಡು ಹೊರಟೆ.

ಜಗಳೂರಿನಲ್ಲಿಳಿದು, ಇನ್ನೊಂದು ಬಸ್ಸು ಹತ್ತಿ ಆ ಊರಿಗೆ ಹೋದರೆ ಮನೆಗೆ ಬೀಗ. ಹೆಡ್ಮೇಷ್ಟ್ರು ಶಾಲೆಯ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟರು. "ಅವ್ರು ಕುರಿ ಹೊಡ್ಕೊಂಡು ಹೊಳೆ ಸೀಮೆಗೆ ಹೋಗ್ಯಾರ್ರೀ ಮೇಡಂ. ಹುಡುಗಿ ಇಷ್ಟು ದಿನ ಅಜ್ಜಿ ಹತ್ರ ಇದ್ದು ಓದ್ತಿದ್ಲು. ಅಜ್ಜಿ ತೀರ್ಕೊಂಡು ಎರಡು ತಿಂಗಳಾತು. ಹಾಸ್ಟೆಲ್ ಆಗ್ಲಿಲ್ಲ ಅಂತ ಅವಳ್ನೂ ಕರ್ಕೊಂಡು ಹೋದ್ರು." ಆಮೇಲೆ ನೆಲ ನೋಡುತ್ತಾ, "ನಾನು ಬರೆದಿದ್ನಲ್ರೀ, ಕುರಿ ಪಾಲಯ್ಯ ಅಂತ" ಅಂದರು.

ಹೊಳೆ ದಂಡೆಯ ಹೊನ್ನಾಳಿಗೆ ಬಂದೆ. ನಾಟಿಗೆ ಮೊದಲು ಗೊಬ್ಬರಕ್ಕಾಗಿ ಗದ್ದೆಗಳಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುವ ಕಾಲ. ಹೋಟೆಲು, ಬಸ್ ಸ್ಟ್ಯಾಂಡು ಎಲ್ಲ ಕಡೆ ಕೇಳಿದೆ. ಜಗಳೂರಿನ ಪಾಲಯ್ಯ ಅಂದರೆ ಯಾರಿಗೂ ತಿಳಿಯಲಿಲ್ಲ. ಕುರಿ ಪಾಲಯ್ಯ ಅಂದ ಕೂಡಲೇ ಒಬ್ಬರು, "ಓ, ಅವ್ರಾ, ಮೊನ್ನೆ ನ್ಯಾಮತಿ ಕಡೆ ಹೋದ್ರಲ್ರೀ" ಅಂದರು. ನಾನು ಗೀಟು ಹೊಡೆಸಿದ ಗುರುತೇ ನನಗೆ ದಾರಿ ತೋರಿಸಿತು.

ನ್ಯಾಮತಿಯಿಂದ ಎರಡು ಮೈಲಿ ನಡೆದೆ. ಮಂದೆ ಗದ್ದೆಯಲ್ಲಿತ್ತು. ಹುಡುಗಿ ಬುಟ್ಟಿಯಲ್ಲಿ ಎರಡು ಎಳೆಮರಿ ಹೊತ್ತು ಬರುತ್ತಿದ್ದಳು. ಅಪ್ಪ ನನ್ನನ್ನು ಗುರುತು ಹಿಡಿದು, ಕಂಬಳಿ ಹಾಸಿ ಕೂರಿಸಿದ. ಕಾಗದ ಕೊಟ್ಟೆ. "ತಪ್ಪು ನನ್ನದು, ಕಂಪ್ಯೂಟರ್‌ದಲ್ಲ" ಅಂದೆ. ಅವನು ಕಾಗದವನ್ನು ಮಗಳ ಕೈಗೆ ಕೊಟ್ಟು ಓದಿಸಿದ. ಅವಳು ಎಲ್ಲೂ ತಡವರಿಸದೆ ಓದಿದಳು.

"ಆವತ್ತು ಎಲ್ಲಾ ಹೊಂದಿಸ್ಕೊಂಡೇ ಬಂದಿದ್ದೆ ತಾಯಿ" ಅಂದ. "ಇವಳ ಬದ್ಲು ಮಂದೆ ಕಾಯಾಕೆ ಒಂದಾಳು ಗೊತ್ತು ಮಾಡಿದ್ದೆ. ಇವಳು ವಾಪಸ್ ಬಂದ್ಲು ಅಂತ ಅವ್ನ ಬಿಟ್ಟೆ. ಅವ್ನು ಬ್ಯಾರೆ ಮಂದಿ ಕೂಡ ಹೋದ. ಈಗ ಕುರಿ ಈಯೋ ಹೊತ್ತು. ಇವಳ್ನ ಕಳಿಸಿದ್ರೆ ನಾನೂ ನನ್ನ ಹೆಂಡ್ತಿ ಇಬ್ರೇ ಹೆಂಗೆ ಮಾಡಾನ? ಬರೋ ವರ್ಷ ನೋಡಾನ ಬಿಡ್ರಿ."

ಇನ್ನಷ್ಟು ಹೇಳಿದೆ. ಬೇಡಿಕೊಂಡೆ. ಅವನು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ವಾಸಿಯಿತ್ತು. "ಆವತ್ತೇ ಹಿಂಗಂದಿದ್ರೆ ಆಗ್ತಿತ್ತಲ್ಲ ತಾಯಿ" ಅಂದ, ಅಷ್ಟೆ.

ಹೊರಡುವಾಗ ಹುಡುಗಿ ಬದುವಿನವರೆಗೆ ಜೊತೆಗೆ ಬಂದಳು.

"ಆ ಓಬಮ್ಮ ಹಾಸ್ಟೆಲ್‌ನಾಗೆ ಅದಾಳೇನ್ರಿ?"

"ಇದ್ದಾಳೆ."

"ಅವ್ಳಿಗೆ ಲೆಕ್ಕ ಬರಲ್ಲ ರೀ. ನಾನೇ ಹೇಳ್ಕೊಡ್ತಿದ್ದೆ. ಯಾರಿಗಾದ್ರೂ ಹೇಳ್ಕೊಡಾಕೆ ಹೇಳ್ರಿ."

ಮರುವರ್ಷ ಜಗಳೂರಿನ ಕಟ್ಟು ಬಂದ ಕೂಡಲೇ ನಾನೇ ಬಿಚ್ಚಿ ಒಂದೊಂದನ್ನೂ ನೋಡಿದೆ. ಅವಳ ಅರ್ಜಿ ಇರಲಿಲ್ಲ. ಅದರ ಮರುವರ್ಷವೂ ಇರಲಿಲ್ಲ. ಹೆಡ್ಮೇಷ್ಟ್ರಿಗೆ ಎರಡು ಸಲ ಕಾಗದ ಬರೆದೆ. ಮಂದೆ ಯಾವ ಸೀಮೆಯಲ್ಲಿದೆಯೋ ತಿಳಿಯದು ಎಂದು ಉತ್ತರ ಬಂತು.

ಆ ಕೆಲಸ ಬಿಡುವಾಗ, ನನ್ನ ಜಾಗಕ್ಕೆ ಬಂದವರಿಗೆ ಫ್ಲಾಪಿಗಳನ್ನೂ ಪುಸ್ತಕವನ್ನೂ ಒಪ್ಪಿಸಿದೆ. ಪ್ರೋಗ್ರಾಂ ಹೊಲಿಯುವ ಫೈಲನ್ನು ಪರದೆಯ ಮೇಲೆ ತೆರೆದು ತೋರಿಸಿದೆ. ಲೈಬ್ರರಿಗಳ ಹೆಸರಿಗಿಂತ ಮೇಲೆ, ಎಲ್ಲಕ್ಕೂ ಮೊದಲು, ಯಂತ್ರ ಓದದೆ ದಾಟಿಹೋಗುವ ಒಂದು ಟಿಪ್ಪಣಿಯ ಸಾಲಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ನಾನೇ ಬರೆದದ್ದು: ಕುರಿ ಪಾಲಯ್ಯನ ಮಗಳು ಓಬಮ್ಮ.

"ಇದೇನು ಮೇಡಂ? ಈ ಸಾಲು ಏನೂ ಕೆಲಸ ಮಾಡಲ್ಲ. ತೆಗೆದ್ರೂ ಪ್ರೋಗ್ರಾಂ ಓಡುತ್ತಲ್ಲ?" ಎಂದು ಕೇಳಿದರು ಹೊಸಬರು.

"ಓಡುತ್ತೆ" ಅಂದೆ. "ಅವಳನ್ನ ತೆಗೆದಾಗಲೂ ಓಡಿತ್ತು."